ಅನ್ನಮ್ಮ ಮಾರ್ಕಿನ ಮೊದಲ ಸೀರೆ

"ಬೆಳಕಿಗೆ ಹಿಡೀರಿ. ಇನ್ನೂ ಇತ್ತಾಗ. ಹಾಂ, ಅಲ್ಲೇ ನಿಲ್ರಿ."

ಮನೆಯ ಸೊಸೆ ಭುವನೇಶ್ವರಿ ಸೀರೆಯ ಒಂದು ತುದಿ ಹಿಡಿದು ಬಾಗಿಲ ಹತ್ತಿರ ನಿಂತಳು. ಇನ್ನೊಂದು ತುದಿ ಭಾಗ್ಯಜ್ಯೋತಿಯ ಕೈಯಲ್ಲಿತ್ತು. ಮಲ್ದಕಲ್‌ನ ಆ ಸಣ್ಣ ಮನೆಯೊಳಗೆ ಬೆಳಗಿನ ಬಿಸಿಲು ಹೊಸ್ತಿಲು ದಾಟುವುದಕ್ಕೂ ಹಿಂದೆಮುಂದೆ ನೋಡುತ್ತಿತ್ತು.

ಹಾಸಿಗೆಯ ಮೇಲೆ ಅನ್ನಮ್ಮ ಮಲಗಿದ್ದಳು. ಅರ್ಧ ಮೈಗೆ ಲಕ್ವ ಹೊಡೆದಿತ್ತು. ಉಳಿದ ಅರ್ಧ ಮೈಯನ್ನು ಮಗನ ಚಿಂತೆ ತಿನ್ನುತ್ತಿತ್ತು.

ಮಗ ಬಾಲರಾಜ ಜೈಲಿನಲ್ಲಿದ್ದ. ಗದ್ವಾಲದ 'ಅನ್ನಮ್ಮ ಸೀರೆ' ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಕಂಪನಿಯ ಮೊದಲ ಸೀರೆಯನ್ನು ಕದ್ದ, ಅಡ್ಡ ಬಂದ ಕಾವಲುಗಾರ ನರಸಯ್ಯನ ತಲೆ ಒಡೆದ ಎಂದು ಕೇಸು. ನರಸಯ್ಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಜಾಮೀನಿನ ವಿಚಾರಣೆ ನಾಳೆ. ಮಕ್ತಲ್‌ನ ವಕೀಲ ಉದಯಕುಮಾರ ಹೊರಡುವಾಗ ಒಂದೇ ಮಾತು ಹೇಳಿದ್ದ: "ಬರೀ ಅನುಮಾನ ತರಬ್ಯಾಡಮ್ಮ, ಸಾಕ್ಷಿ ತಗೊಂಬಾ."

ಭಾಗ್ಯಜ್ಯೋತಿ ಅವನ ಆಫೀಸಿನ ಪತ್ತೆ ಕೆಲಸದವಳು. ನಕಲಿ ಮಾರ್ಕು, ಕದ್ದ ಹೆಸರು, ಇಂಥವನ್ನೇ ಹಿಂಬಾಲಿಸಿ ಅವಳ ಚಪ್ಪಲಿ ಸವೆದಿತ್ತು.

ಅವಳು ಬಗಲ ಚೀಲದಿಂದ ಒಂದು ರಟ್ಟಿನ ಮುಚ್ಚಳ ತೆಗೆದಳು. ಅನ್ನಮ್ಮ ಸೀರೆಯ ಪೆಟ್ಟಿಗೆ ಈ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ಸೀರೆ ಹರಿದು ಹೋದರೂ ಪೆಟ್ಟಿಗೆ ಉಳಿಯುತ್ತದೆ. ಅದರಲ್ಲಿ ಸೂಜಿ ದಾರ ಇಡುತ್ತಾರೆ, ಬಾಣಂತಿಯ ಔಷಧ ಇಡುತ್ತಾರೆ. ಮುಚ್ಚಳದ ಮೇಲೆ ಆ ಮೊದಲ ಸೀರೆಯ ಬಣ್ಣದ ಚಿತ್ರ, ಅದರ ಕೆಳಗೆ ಕತೆ: 'ನಮ್ಮ ತಾಯಿ ಅನ್ನಮ್ಮನವರು ಕೈಯಾರೆ ನೇಯ್ದ ಮೊದಲ ಸೀರೆ. ಅವರ ಹೆಸರೇ ನಮ್ಮ ಹೆಸರು.'

ಚಿತ್ರದಲ್ಲಿ ಕೆಂಪು ಅಂಚಿನ ನಡುವೆ ಕೂದಲೆಳೆಯಷ್ಟು ಸಣ್ಣದೊಂದು ಹಸಿರು ಗೆರೆ ಇತ್ತು. ಲಕ್ಷ ಮನೆಗಳಿಗೆ ಹೋದ ಚಿತ್ರ. ಯಾರೂ ನೋಡಿರಲಿಲ್ಲ, ನೋಡಿದವರು ಅಚ್ಚಿನ ತಪ್ಪು ಅಂದುಕೊಂಡಿದ್ದರು.

ಕೈಯಲ್ಲಿದ್ದ ಹಳೇ ಸೀರೆಯಲ್ಲೂ ಕೆಂಪು ಅಂಚಿತ್ತು. ಅದರ ನಡುವೆಯೂ ಅದೇ ಜಾಗದಲ್ಲಿ ಒಂದು ಹಸಿರು ಎಳೆ ಸೆರಗಿನವರೆಗೆ ಓಡಿತ್ತು.

"ಅವ್ವಾ, ಇದು ಯಾರ ಮಗ್ಗದ್ದು?"

ಅನ್ನಮ್ಮನ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ಆದರೂ ಮಾತು ತಿಳಿಯುತ್ತಿತ್ತು. "ನಂದು. ಒಂದು ಹಾಸಿನ ಮ್ಯಾಲೆ ಎಂಟು ಸೀರಿ. ಎಂಟಕ್ಕೂ ಆ ಎಳಿ ಬಂತು."

ನಾರಾಯಣಪೇಟೆಯ ಮಗ್ಗದ ರೀತಿಯೇ ಅದು. ಒಂದು ಸಲ ಉದ್ದದ ಎಳೆಗಳ ಹಾಸು ಹೂಡಿದರೆ ಅದರ ಮೇಲೆ ಎಂಟು ಸೀರೆ ಒಂದಾದ ಮೇಲೊಂದು ನೇಯುತ್ತಾರೆ. ಹಾಸಿನಲ್ಲಿ ಒಂದು ಎಳೆ ತಪ್ಪಿ ಬಿದ್ದರೆ ಎಂಟಕ್ಕೂ ಅದೇ ತಪ್ಪು, ಅದೇ ಜಾಗದಲ್ಲಿ. ಭಾಗ್ಯಜ್ಯೋತಿ ಆ ಪೇಟೆಯಲ್ಲೇ ಹುಟ್ಟಿದವಳು, ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಹೆಸರು ಹೆಂಗ ಬಂತವ್ವಾ?"

"ಸಾವ್ಕಾರನ ಶೆಡ್ಡಿನ್ಯಾಗ ಮಗ್ಗಕ್ಕ ಒಂದೊಂದು ಹೆಸರು. ಅಂಗಡಿಯವ್ರು ಬಂದು 'ಅನ್ನಮ್ಮನ ಮಗ್ಗದ್ದು ಕೊಡ್ರಿ' ಅಂತಿದ್ರು. ನನ್ನ ಅಂಚು ಗಟ್ಟಿ ಕುಂದ್ರತಿತ್ತು. ಅದನ್ನ ಕೇಳಿ ಕೇಳಿ ಸಾವ್ಕಾರ ಒಂದಿನ ಬೋರ್ಡು ಹಚ್ಚಿದ, ಅನ್ನಮ್ಮ ಸೀರಿ ಅಂತ." ಮುದುಕಿ ಉಸಿರು ತೆಗೆದುಕೊಂಡಳು. "ನನ್ನ ಹೆಸರು ಹಚ್ಯಾನಂತ ನಾ ಕೇರಿ ತುಂಬ ಬೆಲ್ಲ ಹಂಚೀನಿ ತಂಗಿ."

"ಆಮ್ಯಾಲೆ?"

"ಆಮ್ಯಾಲೆ ಅದು ಅವರವ್ವನ ಹೆಸರು ಅಂದ."

ಭಾಗ್ಯಜ್ಯೋತಿಗೆ ಹೆಸರುಗಳ ಹುಟ್ಟು ಹುಡುಕುವ ಚಟ. ಬಾಟಾ ಅಂದರೆ ಒಂದು ಮನೆತನದ ಹೆಸರು ಎಂದು ಅವಳಿಗೆ ಗೊತ್ತು. ಡಾಲ್ಡಾ ಅಂದರೆ ದಾದಾ ಎಂಬ ಹೆಸರನ್ನು ಕೊಂಡವರು ಅದರ ಹೊಟ್ಟೆಯೊಳಗೆ ತಮ್ಮ ಕಂಪನಿಯದೊಂದು ಅಕ್ಷರ ತೂರಿಸಿದ್ದು ಎಂದೂ ಗೊತ್ತು. ಅವರು ಕೊಂಡರು, ಒಂದು ಅಕ್ಷರವನ್ನಾದರೂ ಕೂಡಿಸಿದರು. ಶಿವಶಂಕರಪ್ಪ ಸಾವ್ಕಾರನಿಗೆ ಅಷ್ಟು ತ್ರಾಸು ಯಾಕೆ? ಒಬ್ಬ ಹೆಂಗಸಿನ ಹೆಸರನ್ನು ಹಾಗೇ ಎತ್ತಿಕೊಂಡು ತಾಯಿಯ ಫೋಟೋ ಕೆಳಗೆ ಬರೆಸಿದ.

"ಪಂಚಾಯ್ತಿ ಆಗಲಿಲ್ಲೇನ್ರಿ?"

"ಆತು. ಒಬ್ಬಾಕಿ ಬೀರಪ್ಪನ ಗುಡಿ ಅರಿಶಿಣ ಭಂಡಾರ ಹಿಡದು ಆಣಿ ಮಾಡಿ ಹೇಳಿದಳು, ಆ ಸೀರಿ ಸಾವ್ಕಾರನ ಅವ್ವ ನೇಯ್ದದ್ದು, ಆಕಿ ಹೆಸರೇ ಅನ್ನಮ್ಮ ಅಂತ. ಭಂಡಾರ ಮುಟ್ಟಿದ ಮ್ಯಾಲೆ ಯಾರು ಮಾತಾಡ್ತಾರ?"

"ಯಾರವಳು?"

"ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಾಕಿ. ಹಾಸು ಹೂಡುವಾಗ ಒಂದು ಕೆಂಪು ಎಳಿ ಕಮ್ಮಿ ಬಿತ್ತು. ಆ ಹಸಿರು ಎಳಿ ಕೊಟ್ಟಾಕಿನೂ ಆಕಿನ. ಕತ್ತಲಾಗಿತ್ತು, ನಾನೂ ನೋಡಲಿಲ್ಲ, ಆಕಿನೂ ನೋಡಲಿಲ್ಲ. ನಕ್ಕೊಂತ ಕೆಲಸ ಮಾಡ್ತಿದ್ದಿವಿ ಇಬ್ರೂ."

"ಹೆಸರು ಹೇಳ್ರೆವ್ವಾ. ಆಕಿ ಬಾಯಿ ಬಿಟ್ರ ಸಾವ್ಕಾರನ ಸುಳ್ಳು ಹೊರಗ ಬೀಳ್ತೈತಿ, ನಿಮ್ಮ ಮಗ ಮನಿಗೆ ಬರ್ತಾನ."

ಅನ್ನಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹುಬ್ಬು, ಮೂಗು, ಗದ್ದ, ಒಂದೊಂದಾಗಿ. ಆಮೇಲೆ ಗೋಡೆಯ ಕಡೆಗೆ ಹೊರಳಿದಳು.

"ನೆನಪಿಲ್ಲ ಬಿಡವ್ವ," ಅಂದಳು.

ಭುವನೇಶ್ವರಿ ಸೀರೆ ಮಡಿಚಿ ಕೊಡುವಾಗ ಅವಳ ಕೈ ಹಿಡಿದುಕೊಂಡಳು. "ಅಕ್ಕಾರೆ, ಅಂವ ಅವತ್ತು ಅಂಗಡ್ಯಾಗ ನಿಂತು ಇದು ನಮ್ಮವ್ವನ ಸೀರಿ ಅಂತ ಒದರಾಡಿದ್ದು ಖರೆ. ಆದ್ರ ಸೀರಿ ಕಳುವಾದ ಅಮಾಸಿ ದಿನ ನನ್ನ ಗಂಡ ಮನ್ಯಾಗ ಅತ್ತಿನ್ನ ತೊಳೆಯಾಕ ನೀರು ಕಾಸ್ತಿದ್ದ. ನನ್ನ ಮಾತು ಯಾರು ಕೇಳ್ತಾರ?"

"ನಾ ಕೇಳೀನಿ," ಅಂದಳು ಭಾಗ್ಯಜ್ಯೋತಿ. ಅಷ್ಟು ಸಾಲದೆಂದು ಅವಳಿಗೂ ಗೊತ್ತಿತ್ತು.

*

ಗದ್ವಾಲದ ಅಂಗಡಿಯಲ್ಲಿ ತಂಪು ಗಾಳಿಯ ಯಂತ್ರ ಗುಂಯ್‌ಗುಡುತ್ತಿತ್ತು. ಎದುರಿಗೇ ಖಾಲಿ ಗಾಜಿನ ಪೆಟ್ಟಿಗೆ. ಅದರ ಮೇಲೆ ಸಾವ್ಕಾರನ ತಾಯಿಯ ಫೋಟೋ, ಸುತ್ತ ಮಿಣುಕುವ ಬಲ್ಬಿನ ಸರ.

ಶಿವಶಂಕರಪ್ಪ ಹಣೆಗೆ ಮೂರು ಬೆರಳ ವಿಭೂತಿ ಬಳಿದುಕೊಂಡು ಗಾದಿಯ ಮೇಲೆ ಕೂತಿದ್ದ. ಮನುಷ್ಯ ಮಾತಿನಲ್ಲಿ ಬೆಣ್ಣೆ.

"ಏಮಮ್ಮಾ, ಬಾ, ಕುಂದ್ರು. ಚಾ ತರಸಲೇನು?"

"ಬ್ಯಾಡ್ರಿ. ನಿಮ್ಮ ತಾಯಿ ಹೆಸರು ಏನ್ರಿ ಸಾವ್ಕಾರ್ರೇ?"

"ಫೋಟೋ ಕೆಳಗ ಬರದೈತಿ, ಓದು."

"ಓದೀನ್ರಿ. ಆದ್ರ ಧನ್ವಾಡದಾಗ ನಿಮ್ಮ ಸೋದರಮಾವನ ಮನ್ಯಾಗ ಕೇಳಿದ್ರ ಬಸಲಿಂಗಮ್ಮ ಅಂತಾರ."

ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣುಗಳಿಂದ ಮಾತ್ರ ಅದು ಹೋಯಿತು. ಭಾಗ್ಯಜ್ಯೋತಿ ಗಾದಿಯ ಮೇಲೆ ಮುಚ್ಚಳ ಇಟ್ಟಳು. ಪಕ್ಕದಲ್ಲಿ ಅನ್ನಮ್ಮನ ಸೀರೆ ಬಿಚ್ಚಿದಳು. ಸಾವ್ಕಾರನ ಬೆರಳು ತಾನೇ ತಾನಾಗಿ ಅಂಚಿನ ಹಸಿರು ಎಳೆಯ ಮೇಲೆ ಹೋಗಿ ನಿಂತಿತು. ಹುಡುಕಲೇ ಇಲ್ಲ. ಎಲ್ಲಿದೆ ಎಂದು ಅದಕ್ಕೆ ಮೊದಲೇ ಗೊತ್ತಿತ್ತು.

"ಈ ಎಳಿ ನೋಡಿ ಹೈದರಾಬಾದಿನ ವ್ಯಾಪಾರಿ ಎಂಟೂ ಸೀರಿ ವಾಪಸ್ ಕಳಿಸಿದ, ಹೌದಲ್ರಿ? ಮಾರಾಟ ಆಗಲಿಲ್ಲ, ಅದಕ್ಕ ಕೂಲಿಯವ್ರಿಗೆ ಹಂಚಿದ್ರಿ, ನಿಮ್ಮ ಹತ್ರ ಒಂದು ಉಳೀತು. ಅದನ್ನ ಗಾಜಿನ್ಯಾಗ ಇಟ್ಟು ಅವ್ವ ನೇಯ್ದದ್ದು ಅಂದ್ರಿ. ಅದಕ್ಕ ಏಳು ಮಂದಿ ಅಕ್ಕತಂಗೇರು ಅದಾರ ಅನ್ನೋದನ್ನ ಮರೆತ್ರಿ."

"ಹೆಸರಿಗೆ ಒಂದು ಕತಿ ಬೇಕಮ್ಮಾ," ಅಂದ ಶಿವಶಂಕರಪ್ಪ, ಮಗುವಿಗೆ ಹೇಳುವಂತೆ. "ಜನ ಸೀರಿ ಕೊಳ್ಳೂದಿಲ್ಲ, ಕತಿ ಕೊಳ್ತಾರ. ಕೂಲಿಯಾಕಿ ಹೆಸರು ಅಂದ್ರ ಯಾರು ಕೊಳ್ತಾರ? ತಾಯಿ ಅಂದ್ರ ಕಣ್ಣಾಗ ನೀರು ಬರ್ತೈತಿ."

"ಆ ಕೂಲಿಯಾಕಿ ಮಗನ ಕಣ್ಣಾಗೂ ಬಂದೈತ್ರಿ, ಜೈಲಿನ್ಯಾಗ. ನಿಮ್ಮ ಹೆಸರು ಕೊಳ್ಳಾಕ ದೊಡ್ಡ ಕಂಪನಿ ಬರ್ತೈತಂತ. ಬಾಲರಾಜ ಇಲ್ಲಿ ನಿಂತು ಒದರಾಡಿದ. ಅದರ ಬೆನ್ನಿಗೇ ಸೀರಿ ಮಾಯ. ಸೀರಿ ಹೋದ್ರ ಸಾಕ್ಷಿ ಹೋತು. ಲಾಭ ಯಾರಿಗ್ರಿ?"

ಅವನು ನಕ್ಕ. ಈ ಸಲ ನಿಜವಾದ ನಗು.

"ನಾ ಕದ್ದೀನಿ ಅಂತೀಯೇನು? ಹುಚ್ಚವ್ವ! ನನಗ್ಯಾಕ ಬೇಕು ಆ ಉಸಾಬರಿ? ಆ ಸೀರಿ ನಮ್ಮವ್ವನದಂತ ಪಂಚರ ಮುಂದ ತೀರ್ಮಾನ ಆಗೈತಿ. ಸಾಕ್ಷಿ ಹೇಳಿದಾಕಿ ಇನ್ನೂ ಬದುಕ್ಯಾಳ. ಕೋರ್ಟಿಗೆ ಕರಕೊಂಡು ಬಾ. 'ನಾ ಭಂಡಾರ ಹಿಡದು ಸುಳ್ಳು ಹೇಳೀನಿ' ಅಂತ ಆಕಿನೇ ಊರ ಮುಂದ ಹೇಳ್ಲಿ."

"ಯಾರ್ರಿ ಆಕಿ? ಹೇಳ್ರಿ, ಕರಕೊಂಡೇ ಬರ್ತೀನಿ."

"ಹುಡುಕಾಕ ಎಲ್ಲೂ ಹೋಗಬ್ಯಾಡ. ನಾರಾಯಣಪೇಟಿಗೆ, ನಿಮ್ಮ ಮನಿಗೇ ಹೋಗು. ಕಿಷ್ಟಮ್ಮ ಅಂತ ಹೆಸರು."

ಭಾಗ್ಯಜ್ಯೋತಿ ಮುಚ್ಚಳವನ್ನು ಚೀಲಕ್ಕೆ ತುರುಕಿದಳು.

ಅವ್ವ. ಕಂಡಿಕೆ ಸುತ್ತಿ ಅವಳನ್ನು ಓದಿಸಿದ ಅವ್ವ. ಯಾರ ಶೆಡ್ಡಿನಲ್ಲಿ ಸುತ್ತುತ್ತಿದ್ದಿ ಎಂದು ಕೇಳಿದಾಗೆಲ್ಲ "ಹತ್ತಾರು ಮನಿ" ಎನ್ನುತ್ತಿದ್ದಳು. ಬೀರಪ್ಪನ ಗುಡಿಗೆ ಹೋದರೂ ಹೊರಗೇ ನಿಲ್ಲುವವಳು. ಪೂಜಾರಿ ಭಂಡಾರ ಹಚ್ಚಲು ಬಂದರೆ ಹಣೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅದೇನೋ ಹರಕೆ ಇರಬೇಕೆಂದು ಮಗಳು ಇಷ್ಟು ವರ್ಷ ನಂಬಿದ್ದಳು. ಊರವರ ಸುಳ್ಳು ಹಿಡಿಯುವವಳು ಮನೆಯ ಸುಳ್ಳಿನ ಕೈತುತ್ತು ಉಂಡು ಬೆಳೆದಿದ್ದಳು.

"ಈಗ ಚಾ ಕುಡೀತಿಯೇನು?" ಅಂದ ಸಾವ್ಕಾರ.

ಅವಳು ಅನ್ನಮ್ಮನ ಸೀರೆ ಮಡಿಚಿಕೊಂಡು ಎದ್ದಳು.

ಮೆಟ್ಟಿಲ ಹತ್ತಿರ ಅಂಗಡಿಯ ಕೆಲಸದ ಹುಡುಗಿ ರೇಷ್ಮಾ ಹಿಂದಿನಿಂದ ಓಡಿ ಬಂದಳು.

"ಮೇಡಂ, ಒಂದು ಮಾತು. ಪೆಟ್ಟಿಗಿ ಬೀಗ ಒಡದಿರಲಿಲ್ಲ. ಅಮಾಸಿಗೆ ಅಂಗಡಿ ಬಂದ್, ಕೀಲಿ ನರಸಯ್ಯ ತಾತನ ಸೊಂಟದಾಗ ಇರ್ತೈತಿ. ತಾತ ತಾನೇ ತೆಗದು ಕೊಟ್ಟಾನ. ಬಾಲರಾಜಗ ಯಾಕ ಕೊಡ್ತಾನ, ಇಬ್ರಿಗೂ ಆಗ್ತಿರಲಿಲ್ಲ. ತಾತ ಬಿದ್ದಿದ್ದು ಇಲ್ಲೇ, ಈ ಕಲ್ಲಿನ ಮೆಟ್ಟಲದ ಕೆಳಗ."

"ಪೊಲೀಸರಿಗೆ ಹೇಳಿದ್ಯಾ?"

"ಹೇಳೀನಿ. ಪೆಟ್ಟಿಗಿಯೊಳಗ ಇದು ಸಿಕ್ಕಿತ್ತು, ಅಮಾಸಿ ದಿನ ಮಾಟ ಮಾಡ್ಯಾರಂತ ಅದೊಂದೇ ಹಿಡಕೊಂಡ್ರು." ರೇಷ್ಮಾ ತನ್ನ ಫೋನು ತೋರಿಸಿದಳು.

ಸೀರೆ ಇದ್ದ ಜಾಗದಲ್ಲಿ ಒಂದು ಅಡಿಕೆ, ಒಂದು ಉತ್ತತ್ತಿ, ಒಂದು ಅರಿಶಿಣದ ಕೊಂಬು. ಕೊಂಬಿಗೆ ಹಸಿರು ನೂಲು ಸುತ್ತಿತ್ತು.

ಮಾಟವಂತೆ! ಭಾಗ್ಯಜ್ಯೋತಿಯ ನೇಕಾರ ಕೇರಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ನೇಯ್ದ ಸೀರೆಯನ್ನು ಮಗ್ಗದಿಂದ ಕೊಯ್ದು ತೆಗೆದರೆ ಮಗ್ಗವನ್ನು ಬರಿದು ಬಿಡುವುದಿಲ್ಲ. ಅಡಿಕೆ, ಉತ್ತತ್ತಿ, ಅರಿಶಿಣ ಇಟ್ಟು ಅದರ ಉಡಿ ತುಂಬಿ ಏಳುತ್ತಾರೆ. ಆ ಮೂರನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದ ಹೆಂಗಸು ಸೀರೆಯನ್ನು ಕದಿಯಲು ಬಂದಿರಲಿಲ್ಲ, ಬಿಡಿಸಿಕೊಂಡು ಹೋಗಲು ಬಂದಿದ್ದಳು. ಅನ್ನಮ್ಮ ಹಾಸಿಗೆ ಬಿಟ್ಟು ಏಳಲಾರಳು.

ಭಾಗ್ಯಜ್ಯೋತಿ ಚಿತ್ರವನ್ನು ದೊಡ್ಡದು ಮಾಡಿದಳು. ನೂಲಿನ ಸುತ್ತು ಒಂದರ ಪಕ್ಕ ಒಂದು ಬಿಗಿಯಾಗಿ ಕೂತಿತ್ತು, ಎಲ್ಲೂ ಏರಿಲ್ಲ, ಇಳಿದಿಲ್ಲ. ಕಂಡಿಕೆಯ ಸುತ್ತು.

"ಇದನ್ನ ಪೊಲೀಸರ ಬಿಟ್ಟು ಇನ್ನ್ಯಾರಿಗರ ತೋರಿಸೀಯೇನು?"

"ಇಲ್ರಿ ಮೇಡಂ. ನೀವು ಬಾಲರಾಜನ ಕಡೆಯವ್ರಂತ ನಿಮಗ ತೋರಿಸ್ದೆ."

ಬಾಲರಾಜನ ಕಡೆಯವಳು. ಹೌದು, ಬೆಳಗಿನವರೆಗೆ ಹಾಗೇ ಇತ್ತು.

*

ಬಸ್ಸು ಧರೂರು ದಾಟಿ ಜೂರಾಲ ಕಟ್ಟೆಯ ಮೇಲೆ ಹೋಗುವಾಗ ಅವಳು ನೀರು ನೋಡಲಿಲ್ಲ. ಅಮಾವಾಸ್ಯೆಯ ದಿನ ಅವ್ವ ಧನ್ವಾಡದ ನೆಂಟರ ಮನೆಗೆ ಹೋಗಿ ಬರುತ್ತೇನೆ ಎಂದಿದ್ದಳು. ಬಂದವಳು ಜ್ವರ ಎಂದು ಮಲಗಿದಳು. ಮಗಳು ಗಂಜಿ ಕಾಸಿ ಕೊಟ್ಟು, ಮಾತ್ರೆ ನುಂಗಿಸಿ, ಬಾಲರಾಜನ ಕೇಸಿನ ಸುದ್ದಿಯನ್ನೆಲ್ಲ ತಲೆದಿಂಬಿನ ಪಕ್ಕ ಕೂತು ಹೇಳಿದ್ದಳು. ಅವ್ವ ಗೋಡೆಯ ಕಡೆ ಹೊರಳಿ ಕೇಳುತ್ತಿದ್ದಳು.

ಮಕ್ತಲ್‌ನಲ್ಲಿ ಬಸ್ಸು ಬದಲಾಯಿಸಬೇಕು. ವಕೀಲರ ಆಫೀಸು ಬಸ್‌ಸ್ಟ್ಯಾಂಡಿನ ಎದುರಿಗೇ. ಕಿಟಕಿಯಲ್ಲಿ ಉದಯಕುಮಾರ ಕನ್ನಡಕ ಹಣೆಗೇರಿಸಿಕೊಂಡು ಏನೋ ಓದುತ್ತಿರುವುದು ಕಾಣಿಸಿತು. ಅವಳು ಮುಖಕ್ಕೆ ಸೆರಗು ಮರೆ ಮಾಡಿಕೊಂಡು ನಾರಾಯಣಪೇಟೆಯ ಬಸ್ಸು ಹತ್ತಿದಳು. ಕದ್ದು ಹೋಗುವವರ ನಡಿಗೆ ಹೇಗಿರುತ್ತದೆ ಎಂದು ಅವಳಿಗೆ ಮೊದಲ ಸಲ ಕಾಲಿನಿಂದಲೇ ಗೊತ್ತಾಯಿತು.

ದೀಪ ಹಚ್ಚುವ ಹೊತ್ತು. ಕಿಷ್ಟಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬಂದ್ಯಾ ಜ್ಯೋತಿ? ಕಾಲ್ಮಾರಿ ತೊಳಕೋ. ಪುಂಡಿಪಲ್ಯ ಮಾಡೀನಿ."

ಭಾಗ್ಯಜ್ಯೋತಿ ಕಾಲು ತೊಳೆಯಲಿಲ್ಲ. ಅನ್ನಮ್ಮನ ಸೀರೆಯನ್ನು ಅವ್ವನ ಮುಂದೆ ಬಿಚ್ಚಿಟ್ಟಳು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಕಿಷ್ಟಮ್ಮ ಹಿಟ್ಟಿನ ಕೈ ಒರೆಸಿಕೊಂಡು ಎದ್ದು, ಕಬ್ಬಿಣದ ಟ್ರಂಕು ತೆಗೆದು, ತಳದಿಂದ ಒಂದು ಮಾಸಿದ ಸೀರೆ ತಂದಳು. ಕೆಂಪು ಅಂಚು, ಹಸಿರು ಎಳೆ.

"ಸಾಕ್ಷಿ ಹೇಳಿದ್ದಕ್ಕ ಸಾವ್ಕಾರ ಕೊಟ್ಟಿದ್ದ. ನೀ ಹೊಟ್ಟ್ಯಾಗಿದ್ದಿ. ನಿಮ್ಮಪ್ಪ ಬಿಟ್ಟು ಹೋಗಿದ್ದ. ಹೇಳಲಿಲ್ಲಂದ್ರ ಕೆಲಸ ಇಲ್ಲ ಅಂದ ಸಾವ್ಕಾರ. ನಿನ್ನ ತೊಟ್ಟಿಲ ಕಟ್ಟಿದ್ದು ಇದೇ ಸೀರೀಲೇ." ಕಿಷ್ಟಮ್ಮ ಸೀರೆಯ ಮಡಿಕೆ ಸರಿಮಾಡಿದಳು. "ಅನ್ನಮ್ಮ ನನಗ ಒಂದು ಬೈಗುಳ ಬೈಲಿಲ್ಲ ಜ್ಯೋತಿ. ಬೈದಿದ್ರ ಇಷ್ಟು ವರ್ಷ ಹೆಂಗರ ನಿದ್ದಿ ಬರ್ತಿತ್ತು."

"ಇವತ್ತೂ ಬೈಲಿಲ್ಲವ್ವಾ. ನನ್ನ ಮಾರಿ ನೋಡಿ ನೆನಪಿಲ್ಲ ಅಂದಳು."

ಕಿಷ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮತ್ತೆ ಟ್ರಂಕಿಗೆ ಬಗ್ಗಿ ಇನ್ನೊಂದು ಸೀರೆ ತೆಗೆದಳು. ಇದು ಮಾಸಿರಲಿಲ್ಲ. ನಾಲ್ಕೂ ಮೂಲೆಗಳಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಚುಚ್ಚಿದ್ದ ಗುಂಡುಪಿನ್ನಿನ ತುಕ್ಕು ಹಿಡಿದಿತ್ತು.

ಗೊತ್ತಿದ್ದೂ ಭಾಗ್ಯಜ್ಯೋತಿ ಅಂಚಿನ ಹಸಿರು ಎಳೆಯನ್ನು ಹುಡುಕಿದಳು.

"ಆಕಿಗೆ ಲಕ್ವ ಹೊಡೀತಂತ ಕೇಳಿದೆ. ಸಾಯೋದ್ರಾಗ ಆಕಿ ಸೀರಿ ಆಕಿ ಉಡ್ಯಾಗ ಹಾಕಬೇಕಂತ ಹೋದೆ. ನರಸಯ್ಯ ನಮ್ಮ ಶೆಡ್ಡಿನ ಕಾಲದಾಂವ. ಅವನಿಗೆಲ್ಲ ಗೊತ್ತೈತಿ. ತಾನೇ ಬೀಗ ತೆಗದ, 'ತಗೊಂಡು ಹೋಗವ್ವ, ಪಾಪ ಕಳೀಲಿ' ಅಂದ. ನಾ ಬಾಗಲ ದಾಟೂದ್ರಾಗ ಅವನಿಗೆ ಹೆದರಿಕಿ ಬಂತು. ಕೆಲಸ ಹೋಗ್ತೈತಿ, ಕೊಡು ವಾಪಸ್ ಅಂತ ಸೆರಗು ಹಿಡದ. ನಾ ಜಗ್ಗಿದೆ. ಅಂವ ಮೆಟ್ಟಲ ಮ್ಯಾಲಿಂದ..."

"ಓಡಿ ಬಂದಿ."

"ಓಡಿ ಬಂದೆ. ಬಾಲರಾಜನ್ನ ಹಿಡದ್ರು ಅಂತ ನೀ ಬಂದು ಹೇಳಿದಿ. ಒಂದು ಸಲ ಆಕಿ ಹೆಸರು ತಿಂದೆ, ಈಗ ಆಕಿ ಮಗನ್ನ ತಿನ್ನಾಕ ಹತ್ತೀನಿ."

ಭಾಗ್ಯಜ್ಯೋತಿಗೆ ಅಳು ಬಂತು, ಸಿಟ್ಟು ಬಂತು, ಅವ್ವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಯಾವುದನ್ನೂ ಮಾಡಲಿಲ್ಲ. ಅವಳ ತಲೆ ತನ್ನ ಕಸುಬಿನ ಲೆಕ್ಕವನ್ನೇ ಹಾಕುತ್ತಿತ್ತು. ಬೇಕೆಂದು ದೂಡಿದ್ದಲ್ಲ. ನರಸಯ್ಯ ಕಣ್ಣು ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಅವ್ವನಿಗೂ ದಾರಿ ಇದೆ, ಬಾಲರಾಜನಿಗೂ ದಾರಿ ಇದೆ. ಅವನು ಕಣ್ಣು ಬಿಡಬೇಕು, ಅಷ್ಟೇ.

ಫೋನು ಹೊಡೆದುಕೊಂಡಿತು. ಉದಯಕುಮಾರ.

"ಎಲ್ಲಿದ್ದಿಯಮ್ಮ? ಕೇಳು. ನರಸಯ್ಯ ತೀರಿಕೊಂಡ. ಈಗ ಆಸ್ಪತ್ರಿಯಿಂದ ಫೋನ್ ಬಂತು. ಇನ್ನ ಬಾಲರಾಜನ ಮ್ಯಾಲೆ ಕೊಲೆ ಕೇಸು. ನಾಳೆ ನಾ ಬರಿಗೈಲೆ ನಿಂತ್ರ ಆ ಹುಡುಗ ಹೊರಗ ಬರೂದಿಲ್ಲ. ಸಾಕ್ಷಿ ಯಾರರ ಸಿಕ್ಕರೇನು?"

ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಕಿಷ್ಟಮ್ಮ ವಕೀಲನ ಮಾತು ಕೇಳಿಸಿಕೊಂಡಿದ್ದಳು. ಅವಳು ಮೆಲ್ಲಗೆ ದೇವರ ಗೂಡಿನ ಹತ್ತಿರ ಹೋಗಿ, ಬೀರಪ್ಪನ ಪಟದ ಮುಂದಿನ ಬಟ್ಟಲಿನಿಂದ ಚಿಟಿಕೆ ಭಂಡಾರ ತೆಗೆದುಕೊಂಡು ಹಣೆಗೆ ಬಳಿದುಕೊಂಡಳು. ಮಗಳು ಹುಟ್ಟಿದಂದಿನಿಂದ ಆ ಹಣೆಯ ಮೇಲೆ ಆ ಹಳದಿಯನ್ನು ನೋಡಿರಲಿಲ್ಲ.

"ಫೋನ್ ಕೊಡಿಲ್ಲಿ," ಅಂದಳು ಕಿಷ್ಟಮ್ಮ, ಕೈ ಚಾಚಿ. "ನಾ ಹೇಳ್ತೀನಿ."

"ಜ್ಯೋತಿ? ಕೇಳಸ್ತೈತಿಲ್ಲ? ಯಾರರ ಸಿಕ್ಕರೇನಮ್ಮ?"

ಭಾಗ್ಯಜ್ಯೋತಿ ಫೋನನ್ನು ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡು, ಅವ್ವ ಚಾಚಿದ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಇಲ್ರಿ ಸಾರ್," ಅಂದಳು. "ಯಾರೂ ಸಿಗಲಿಲ್ಲ."